ಹಿತ್ತಲವರು ಮಲಗಿದ್ದಾರೆ

ನನ್ನ ಅತ್ತೆ ಮೂವತ್ತೈದು ವರ್ಷ ಸಂಸಾರ ಮಾಡಿದ್ದರೂ ಒಂದು ದಿನವಾದರೂ ಗಂಡನ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಆಗ ಯಾವ ಹೆಂಗಸೂ ಆಡುತ್ತಿರಲಿಲ್ಲ. ಓಟಿನ ಪಟ್ಟಿ ಬರೆಯುವವನು ಬಂದು ಯಜಮಾನರ ಹೆಸರು ಕೇಳಿದರೆ ಅತ್ತೆ ಪಕ್ಕದ ಮನೆಯಾಕೆಯನ್ನು ಕೂಗಿ ಕರೆದು ಹೇಳಿಸುತ್ತಿದ್ದರು. ಪಕ್ಕದ ಮನೆಯ ಸರದಿ ಬಂದಾಗ ಆಕೆಯ ಗಂಡನ ಹೆಸರನ್ನು ತಾವು ಗಟ್ಟಿಯಾಗಿ, ಇನಿಷಿಯಲ್ ಸಮೇತ ಹೇಳುತ್ತಿದ್ದರು. ಊರಿನ ಹೆಂಗಸರಿಗೆಲ್ಲ ಪರರ ಗಂಡಂದಿರ ಹೆಸರು ಸಲೀಸಾಗಿ ಬರುತ್ತಿತ್ತು, ಸ್ವಂತದ್ದು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ನಮ್ಮ ಮಾವನವರ ಹೆಸರಿನ ಮೊದಲರ್ಧ ಸಂಪಿಗೆ. ಉಳಿದರ್ಧವನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅತ್ತೆ ಕಾಪಾಡಿಕೊಂಡು ಬಂದ ಮರ್ಯಾದೆಯನ್ನು ಸೊಸೆ ಕಳೆದಳು ಎನ್ನಿಸಿಕೊಳ್ಳಲು ಈ ವಯಸ್ಸಿನಲ್ಲಿ ಇಷ್ಟವಿಲ್ಲ. ಅರ್ಧವಾದರೂ ಅದು ಅವರ ಹೆಸರೇ ಅಲ್ಲವೇ ಎಂದು ಅತ್ತೆ ಸಂಪಿಗೆ ಎಂಬ ಮಾತನ್ನೇ ಬಿಟ್ಟುಬಿಟ್ಟಿದ್ದರು. ಹೂವಾಡಗಿತ್ತಿಯ ಬುಟ್ಟಿಯಲ್ಲಿ ಸಂಪಿಗೆ ಕಂಡರೆ "ಆ ಅಳದಿ ಊವ ಕೊಡಮ್ಮಿ" ಎನ್ನುತ್ತಿದ್ದರು. ಇದರಿಂದ ಯಾರಿಗೂ ಏನೂ ನಷ್ಟವಿರಲಿಲ್ಲ. ಕಷ್ಟವಿದ್ದದ್ದು ನಮ್ಮ ಹಿತ್ತಲಿನಲ್ಲಿ.

ಹಿತ್ತಲಿನ ಹಲಸಿನ ಮರದ ಬುಡದಲ್ಲಿ, ಬಿಸಿಲು ಬೀಳದ ಮೂರು ಮೊಳ ಜಾಗದಲ್ಲಿ, ಅತ್ತೆಯ ನೆಲಸಂಪಿಗೆ ಇತ್ತು. ಸಂಪಿಗೆಗೂ ಇದಕ್ಕೂ ಹೆಸರು ಬಿಟ್ಟರೆ ನೆಂಟಸ್ತಿಕೆ ಇಲ್ಲ. ಇದು ಗೆಡ್ಡೆಯ ಗಿಡ. ಮೊಣಕಾಲುದ್ದ ಎಲೆ, ಮೇಲುಮೈಯಲ್ಲಿ ಹಸಿರಿನ ಮೇಲೆ ಬೆಳ್ಳಿಬಣ್ಣದ ಪಟ್ಟೆ, ಮಗುಚಿ ನೋಡಿದರೆ ನೇರಳೆ ಬಣ್ಣ. ಚಳಿಗಾಲಕ್ಕೆ ಎಲೆಯೆಲ್ಲ ಒಣಗಿ ಬಿದ್ದು ಗಿಡ ಇತ್ತೆಂಬ ಗುರುತೂ ಉಳಿಯುವುದಿಲ್ಲ. ಯುಗಾದಿಯ ಸುಮಾರಿಗೆ ಒಂದು ಮಳೆ ಬಿದ್ದರೆ, ಎಲೆಯೂ ಇಲ್ಲದೆ ಕಾಂಡವೂ ಇಲ್ಲದೆ, ಬರೀ ಮಣ್ಣಿನಿಂದ ಹೂವು ಮೇಲೆ ಬರುತ್ತದೆ. ಬಿಳಿಯ ಎಸಳು, ಒಂದೆಸಳು ಮಾತ್ರ ತಿಳಿ ನೇರಳೆ, ಒಳ್ಳೆಯ ಪರಿಮಳ. ಇಷ್ಟೆಲ್ಲವನ್ನೂ ನಾನು ಆಮೇಲೆ ತಿಳಿದುಕೊಂಡೆ. ಮೊದಲೇ ತಿಳಿದಿದ್ದರೆ ಈ ಕಥೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಅತ್ತೆಯ ತವರು ಅರಕಲಗೂಡಿನಿಂದ ಆಚೆ, ಕಾಡಂಚಿನ ಒಂದು ಹಳ್ಳಿ. ಮದುವೆಯಾಗಿ ಹೊರಟಾಗ ಅವರ ತಾಯಿ ಮರಗಳ ನೆರಳಿನಿಂದ ಕಿತ್ತ ನಾಲ್ಕು ಗೆಡ್ಡೆಗಳನ್ನು ಮಡಿಲಕ್ಕಿಯ ಜೊತೆಯಲ್ಲೇ ಸೆರಗಿಗೆ ಕಟ್ಟಿದ್ದರಂತೆ. ಆ ತಾಯಿ ಮಾರನೆಯ ವರ್ಷವೇ ತೀರಿಕೊಂಡರು. ತವರಿನ ಸೀರೆಗಳು ಹರಿದು ಹೋದವು, ಕೊಟ್ಟ ಕೊಳಗ ಸೋರಿ ಹೋಯಿತು, ಗೆಡ್ಡೆ ಮಾತ್ರ ಹಲಸಿನ ಬುಡದಲ್ಲಿ ಮರಿ ಹಾಕುತ್ತ ಉಳಿಯಿತು. ಕೈಕಾಲು ಉಳುಕಿದವರು, ಬಿದ್ದು ಊದಿಸಿಕೊಂಡವರು ನಮ್ಮ ಮನೆಗೇ ಬರುತ್ತಿದ್ದರು. ಅತ್ತೆ ಒಂದು ಗೆಡ್ಡೆ ಮುರಿದು ಕೊಡುತ್ತಿದ್ದರು, ಅವರು ಅರೆದು ಪಟ್ಟು ಹಾಕಿಕೊಳ್ಳುತ್ತಿದ್ದರು.

ಹೆಸರು ಹೇಳುವ ಹಾಗಿಲ್ಲ, ಹೇಳದೆ ಕೊಡುವ ಹಾಗೂ ಇಲ್ಲ. ಅದಕ್ಕೆ ಅತ್ತೆ ಅದನ್ನು ಹಿತ್ತಲವರು ಎಂದು ಕರೆದರು. ಗಂಡನ ಹೆಸರು ಹೊತ್ತ ಗಿಡವಾದ್ದರಿಂದ ಬಹುವಚನ. ಅವರ ನಾಲಿಗೆಗೆ ಹಕಾರ ಹತ್ತುತ್ತಿರಲಿಲ್ಲವಾದ್ದರಿಂದ ಅದು 'ಇತ್ಲೋರು' ಆಯಿತು. ಬೀದಿಯವರೆಲ್ಲ ಅದನ್ನೇ ಕಲಿತರು. ಕಲಿಯದೆ ಉಳಿದಿದ್ದವಳು ನಾನೊಬ್ಬಳೇ.

ನಾನು ಚನ್ನರಾಯಪಟ್ಟಣದ ಕಡೆಯವಳು, ದಂಡಿಗನಹಳ್ಳಿ ಹೋಬಳಿಯ ಬಯಲಿನಲ್ಲಿ ಬೆಳೆದವಳು. ನಮ್ಮ ಕಡೆ ನೆರಳು ಬೇಕೆಂದರೆ ತೆಂಗಿನ ಮರದ ಜೊತೆಗೆ ನಾವೂ ಸರಿಯುತ್ತ ಹೋಗಬೇಕು. ಎಲೆ ಹಳದಿಯಾದ ಗಿಡ ನಮ್ಮಲ್ಲಿ ಸಾಯುತ್ತಿರುವ ಗಿಡ, ಅದಕ್ಕೆ ಇರುವ ಮದ್ದು ಒಂದೇ, ನೀರು. ಗಿಡ ಮಲಗುತ್ತದೆ ಎಂದು ಯಾರಾದರೂ ಅಂದಿದ್ದರೆ ನನ್ನಪ್ಪ ಅವರನ್ನು ಮನೆಯಲ್ಲಿ ಕೂರಿಸಿ ಮಜ್ಜಿಗೆ ಕುಡಿಸಿ ತಲೆಗೆ ಎಣ್ಣೆ ತಟ್ಟಿಸುತ್ತಿದ್ದ. ವೈಶಾಖದಲ್ಲಿ ಮದುವೆ, ಆಷಾಢಕ್ಕೆ ತವರು, ಶ್ರಾವಣದಲ್ಲಿ ನಾನು ಹೊಳೆನರಸೀಪುರಕ್ಕೆ ಬಂದೆ. ಅಷ್ಟರಲ್ಲಿ ಹೂವಿನ ಕಾಲ ಮುಗಿದಿತ್ತು. ಹಲಸಿನ ಕೆಳಗಿನ ಎಲೆಗಳನ್ನು ನೋಡಿ ಅರಿಶಿನದ ಯಾವುದೋ ಜಾತಿ ಎಂದುಕೊಂಡು ಸುಮ್ಮನಾದೆ. ಹೊಸ ಸೊಸೆ, ಪ್ರತಿಯೊಂದನ್ನೂ ಕೇಳಿದರೆ ದಡ್ಡಿ ಎನ್ನುತ್ತಾರೆ ಎಂಬ ಜಂಬ ಬೇರೆ.

ಅದೇ ಹಲಸಿನ ಕೆಳಗೆ, ಗಿಡಕ್ಕೆ ಒಂದು ಮಾರು ದೂರದಲ್ಲಿ, ಮಾವನವರ ಕ್ಯಾನ್ವಾಸಿನ ಆರಾಮಕುರ್ಚಿ ಇತ್ತು. ಅವರು ಮಿಡ್ಲ್ ಸ್ಕೂಲಿನ ಹೆಡ್ ಮೇಷ್ಟರಾಗಿ ನಿವೃತ್ತರಾದವರು. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಕೂತು, ಪೇಪರ್ ಮುಖದ ಮೇಲೆ ಹಾಕಿಕೊಂಡು, ಮಲಗುತ್ತಿದ್ದರು. ಮೂರು ಗಂಟೆಗೆ ಸರಿಯಾಗಿ ಅತ್ತೆ ಒಂದು ಚೊಂಬು ನೀರು ತಂದಿಟ್ಟು "ಏನಂದ್ರೆ, ಏಳಿ, ಒತ್ತಾಯ್ತು" ಎಂದರೆ ಏಳುತ್ತಿದ್ದರು. ಆಮೇಲೆ ಕಾಫಿ. ಅವರಿಗೆ ಎರಡೂವರೆಗೇ ಎಚ್ಚರವಾಗಿರುತ್ತಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಕರೆಯುವ ತನಕ ಕಣ್ಣು ಬಿಡುತ್ತಿರಲಿಲ್ಲ, ಅದು ಅವರ ದೊಡ್ಡಸ್ತಿಕೆ. ಯಾರನ್ನೂ ಏನನ್ನೂ ಕೇಳಿ ತೆಗೆದುಕೊಂಡವರಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡು ಏಳುವವರು.

ಮನೆಯಲ್ಲಿ ಅವರನ್ನೂ ಅತ್ತೆ ಕೆಲವು ಸಲ ಹಿತ್ತಲಿನ ಲೆಕ್ಕದಲ್ಲೇ ಹೇಳುತ್ತಿದ್ದರು. "ಇತ್ಲಲ್ಲವ್ರೆ, ಕಾಫಿ ಕೊಡೋಗು" ಎನ್ನುವುದು ದಿನಾ ಕೇಳಿದ ಮಾತು. ನನ್ನ ತಪ್ಪಿಗೆ ಇದೂ ಒಂದು ಕಾರಣ ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಸಂಕ್ರಾಂತಿಗೆ ಹತ್ತು ದಿನವಿರುವಾಗ ಅರಕಲಗೂಡಿನಿಂದ ಕಾಗದ ಬಂತು. ಅಲ್ಲಿಗೆ ಕೊಟ್ಟಿದ್ದ ನನ್ನ ನಾದಿನಿಗೆ ಮೂರನೆಯ ಬಾಣಂತನ, ಬಸ್ಸಿನಲ್ಲಿ ಓಡಾಡಕೂಡದೆಂದು ಡಾಕ್ಟರು ಹೇಳಿದ್ದಾರೆ, ಅವ್ವನೇ ಬರಬೇಕು. ಅತ್ತೆ ಯುಗಾದಿಯ ತನಕ ಇಲ್ಲ, ಮನೆ ನನ್ನ ಕೈಗೆ. ನಮ್ಮವರು ಹಾಸನದಲ್ಲಿ ಗುಮಾಸ್ತರಾಗಿದ್ದರು, ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಎಲ್ಲದರಲ್ಲೂ ಅತ್ತೆಯಿಂದ ಭೇಷ್ ಎನ್ನಿಸಿಕೊಳ್ಳಬೇಕು ಎಂಬುದು ನನ್ನ ಒಂದೇ ಹಟ. ಒಂದು ಸಣ್ಣ ತಪ್ಪು ಸಿಕ್ಕಿದರೆ 'ಬಯಲುಸೀಮೆಯೋಳು, ಏನು ಕಂಡಾಳು' ಎಂಬ ಮಾತು ಜನ್ಮಪೂರ್ತಿ ಅಂಟುತ್ತದೆಂದು ನನಗೆ ಗೊತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಇಂಜಿನ್ ಶುರುವಾದ ಮೇಲೆ ಅತ್ತೆಗೆ ಜ್ಞಾಪಕ ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಇತ್ಲೋರ್ನ ಜ್ವಾಪಾನವಾಗಿ ನೋಡ್ಕ ಕಣವ್ವ. ಇನ್ನೇನು ಅವ್ರು ಮಲಗೋ ಕಾಲ. ಮಲಗಿದ್ಮ್ಯಾಲೆ ನೀರು ಕೊಡ್ಬ್ಯಾಡ. ಎಬ್ಬಿಸ್ಬ್ಯಾಡ. ಏಳೋ ಒತ್ಗೆ ಅವ್ರೇ ಏಳ್ತಾರೆ."

"ಊ ಅತ್ತೆಮ್ಮ."

"ಬಿಸ್ಲು ತಾಕ್ಬಾರ್ದು. ಮ್ಯಾಲೆ ದಪ್ಪಕೆ..." ಇಂಜಿನ್ ಗುಡುಗಿತು. "...ಒದಿಸಿರು. ಪಕ್ಕದ್ಮನೆ ಕೋಳಿ ಬಂದು ಕೆದಕ್ತವೆ, ಒಂದು ಕೋಲು ಮಡೀಕ."

ಕಂಡಕ್ಟರ್ ಸೀಟಿ ಊದಿದ. ಇಂಜಿನ್ ನುಂಗಿದ ಆ ಒಂದು ಮಾತು 'ತರಗು', ಅಂದರೆ ಉದುರಿದ ಒಣ ಎಲೆ, ಎಂದು ನನಗೆ ತಿಳಿದದ್ದು ಎರಡು ತಿಂಗಳ ನಂತರ. ಆಗ ನನಗೆ ಎಲ್ಲವೂ ಸ್ಪಷ್ಟವಾಗಿಯೇ ಕೇಳಿಸಿತ್ತು. ಕೋಳಿಯ ಮಾತೂ ವಿಚಿತ್ರವೆನ್ನಿಸಲಿಲ್ಲ. ಮಲಗಿದ್ದ ಮಾವನವರ ಕಾಲಬೆರಳನ್ನು ಹುಳುವೆಂದು ತಿಳಿದು ಒಂದು ಹುಂಜ ಕುಕ್ಕಿದ್ದನ್ನು ದೀಪಾವಳಿಯಲ್ಲಿ ನಾನೇ ಕಣ್ಣಾರೆ ನೋಡಿದ್ದೆ.

ಅವತ್ತು ಮಧ್ಯಾಹ್ನದಿಂದಲೇ ಜಾರಿಗೆ ತಂದೆ. ಮಾವನವರು ಊಟ ಮಾಡಿ ಹಿತ್ತಲಿಗೆ ಹೋಗಿ ಮಲಗಿದರು. ನಾನು ಒಳಗಿನಿಂದ ಕರೀ ಕಂಬಳಿ ತಂದು ಕುತ್ತಿಗೆಯವರೆಗೆ ಹೊದಿಸಿದೆ. ಪೇಪರಿನ ಕೆಳಗೆ ಉಸಿರು ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು. ಮೂರು ಗಂಟೆಯಾಯಿತು. ನಾನು ಕೋಲು ಹಿಡಿದು ಬಾವಿಕಟ್ಟೆಯ ಮೇಲೆ ಕೂತಿದ್ದೆ. ನೀರು ಕೊಡಲಿಲ್ಲ, ಎಬ್ಬಿಸಲಿಲ್ಲ. ನಾಲ್ಕಾಯಿತು. ಕಂಬಳಿಯ ಒಳಗಿನಿಂದ ಒಂದು ಕೆಮ್ಮು ಬಂತು. ನಿದ್ದೆಯೊಳಗಿನ ಕೆಮ್ಮು ಎಂದುಕೊಂಡು ನಾನು ಕಾಲು ಮುದುರಿಕೊಂಡೆ. ಐದು ಗಂಟೆಗೆ ಅವರಾಗಿಯೇ ಎದ್ದು, ನನ್ನನ್ನೂ ಕೋಲನ್ನೂ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅತ್ತೆ ಹೇಳಿದ್ದು ಅಕ್ಷರಶಃ ನಿಜವಾಯಿತಲ್ಲ, ಏಳೋ ಹೊತ್ತಿಗೆ ಅವರೇ ಎದ್ದರಲ್ಲ ಎಂದು ನನಗೆ ಅತ್ತೆಯ ಮೇಲೆ ಗೌರವ ಹೆಚ್ಚಾಯಿತು.

ಆವತ್ತಿನಿಂದ ಮಾವನವರು ಸಂಜೆ ವಾಕಿಂಗ್ ಶುರುಮಾಡಿದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತ ಕೂಡಲೆ ಮೂರು ಲೋಟ ನೀರು ಕುಡಿದು ಆಮೇಲೆ ಕಾಫಿ ಕೇಳುತ್ತಿದ್ದರೆಂದು ಅವರು ನನಗೆ ಹೇಳಿದ್ದು ಬಹಳ ಕಾಲದ ನಂತರ.

ಒಂದು ಭಾನುವಾರ ನಮ್ಮವರು ಹಿತ್ತಲಿಗೆ ಬಂದು ನೋಡಿದರು. ಒಳ್ಳೆ ಬೆಚ್ಚನೆಯ ಮಧ್ಯಾಹ್ನ, ಅಪ್ಪ ಕಂಬಳಿಯಲ್ಲಿ, ಹೆಂಡತಿ ಕೋಲಿನೊಂದಿಗೆ.

"ಅಪ್ಪಂಗೆ ಜ್ವರವಾ?" ಎಂದು ಪಿಸುಗುಟ್ಟಿದರು.

"ಇಲ್ಲ. ಅತ್ತೆಮ್ಮ ಯೇಳವ್ರೆ."

"ಅವ್ವ ಯೇಳಿದ್ರೆ ಸರಿ ಬುಡು" ಎಂದು ಹೊರಟೇಬಿಟ್ಟರು. ಆ ಮನೆಯಲ್ಲಿ ಅತ್ತೆಯ ಮಾತಿಗೆ ಇದ್ದ ಬೆಲೆ ಅಂಥದ್ದು. ಕಂಬಳಿಯೊಳಗಿದ್ದವರಿಗೂ ಅದು ಕೇಳಿಸಿತ್ತು, ಅವರೂ ಅದಕ್ಕೇ ಸುಮ್ಮನಿದ್ದರು. ಆ ಚಳಿಗಾಲದಲ್ಲಿ ಅವರ ಕಾಲು ಸ್ವಲ್ಪ ಊದಿಕೊಂಡಿತ್ತು, ಹಾಸನದ ಡಾಕ್ಟರು ನೀರು ಕಡಿಮೆ ಕುಡಿಯಿರಿ ಎಂದಿದ್ದರು. ಹೆಂಡತಿ ಹೊರಡುವಾಗ ಸೊಸೆಗೆ ಪಥ್ಯ ಒಪ್ಪಿಸಿ ಹೋಗಿದ್ದಾಳೆ, ಎದುರು ಮಾತಾಡಿದರೆ ಅರಕಲಗೂಡಿಗೆ ಸುದ್ದಿ ಹೋಗುತ್ತದೆ ಎಂದು ಅವರು ಹೆದರಿದ್ದರು. ಮುನ್ನೂರು ಹುಡುಗರನ್ನು ಒಂದೇ ನೋಟಕ್ಕೆ ಸುಮ್ಮನೆ ಕೂರಿಸುತ್ತಿದ್ದ ಮನುಷ್ಯ.

ಇದರ ಮಧ್ಯೆ ನನಗೆ ಇನ್ನೊಂದು ಚಿಂತೆ ಹತ್ತಿತ್ತು. ಹಲಸಿನ ಬುಡದ ಆ ಅರಿಶಿನದಂಥ ಗಿಡ ಹಳದಿಗೆ ತಿರುಗುತ್ತಿತ್ತು. ಅತ್ತೆ ಪ್ರತಿ ದಿನ ಅದರ ಹತ್ತಿರ ನಿಂತು ಎಲೆ ಸವರುತ್ತಿದ್ದದ್ದನ್ನು ನಾನು ಕಂಡಿದ್ದೆ. ನನ್ನ ಕೈಗೆ ಬಂದ ತಿಂಗಳಿಗೇ ಸತ್ತಿತೆಂದರೆ ಮುಗಿಯಿತಲ್ಲ! ಬಾವಿಯಿಂದ ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ಸೇದಿ ಹುಯ್ದೆ. ಎಲೆ ಮಲಗಿತು. ಮೂರು ಮೂರು ಕೊಡ ಮಾಡಿದೆ. ಎಲೆಗಳೆಲ್ಲ ಕೊಳೆತು ಮಣ್ಣಿಗಂಟಿದವು. ಮನೆದೇವರಿಗೆ ತೆಂಗಿನಕಾಯಿ ಹರಸಿಕೊಂಡು ನಾಲ್ಕು ಮಾಡಿದೆ. ಹಲಸಿನ ನೆರಳಲ್ಲಿ ನೀರು ಆರುತ್ತಿರಲಿಲ್ಲ. ಆ ಜಾಗ ಗದ್ದೆಯ ಹಾಗೆ ಕೆಸರಾಗಿ ನಿಂತಿತ್ತು. ಒಂದು ಮಾರು ಈಚೆಗೆ ಕಂಬಳಿಯ ಒಳಗಿನಿಂದ ಎರಡು ಕಣ್ಣು ಆ ಕೊಡಗಳನ್ನು ನೋಡುತ್ತಿದ್ದವು. 'ನೀನು ಗಿಡಕ್ಕೆ ಸುರಿಯೋವಾಗ ನನ್ನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು ಕಣವ್ವ' ಎಂದು ಮಾವನವರು ಆಮೇಲೆ ಎಷ್ಟೋ ಸಲ ಹೇಳಿ ನಗುತ್ತಿದ್ದರು. ಆಗ ಮಾತ್ರ ಅವರು ನಗುತ್ತಿರಲಿಲ್ಲ.

ಶಿವರಾತ್ರಿ ಕಳೆದ ವಾರ, ಬಿಸಿಲು ಜೋರಾಗಿದ್ದ ಒಂದು ಮಧ್ಯಾಹ್ನ, ಬಸ್ ಸ್ಟ್ಯಾಂಡಿನಲ್ಲಿ ಜಟಕಾ ಹೊಡೆಯುತ್ತಿದ್ದ ಮನುಷ್ಯ ಹಿತ್ತಲ ಬಾಗಿಲಿಗೆ ಬಂದ. ನಮ್ಮ ಮನೆಗೆ ಬಹಳ ಕಾಲದ ಬಳಕೆ ಅವನದು. ಟವೆಲ್ಲನ್ನು ಕಂಕುಳಲ್ಲಿಟ್ಟುಕೊಂಡು ನಿಂತ.

"ಸಣ್ಣಮ್ಮೋರೆ, ಇತ್ಲೋರು ಅವ್ರಾ?"

"ಅವ್ರೆ. ಮಲಗವ್ರೆ" ಎಂದೆ ಮೆಲ್ಲಗೆ.

"ಅದು ಗೊತ್ತು ಬುಡಿ, ಈಗ ಅವ್ರು ಮಲಗೋ ಕಾಲ್ವೇಯ. ನಮ್ ಕುದ್ರೆ ಮುಂಗಾಲು ಉಳುಕ್ಬುಟ್ಟದೆ. ಒಸಿ ಬೇಕಾಗಿತ್ತು."

"ಏನು ಒಸಿ?"

"ಇತ್ಲೋರೇಯ. ಜಾಸ್ತಿ ಬ್ಯಾಡ. ಎಬ್ಬೆಟ್ಟು ಗಾತ್ರ ಮುರ್ಕೊಟ್ರೆ ಸಾಕು. ನುಣ್ಣುಗೆ ಅರೆದು ಕುದ್ರೆ ಕಾಲ್ಗೆ ಬಳೀತೀನಿ."

ನಾನು ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಾಡುಹಗಲಲ್ಲೇ ಕುಡಿದು ಬಂದಿದ್ದಾನೆ ಎಂದುಕೊಂಡೆ.

"ಏನಯ್ಯಾ ಮಾತಾಡ್ತೀಯ? ಎಂಥೋರು ಅವ್ರು, ಎಡ್ ಮೇಷ್ಟ್ರು!"

"ಮೇಷ್ಟ್ರು ಏನಂದಾರು? ಓದ್ ವರ್ಸ ಅವ್ರೇ ನಿಂತ್ಕಂಡು ಅಗಿಸಿ ಎಲ್ಡು ತುಂಡು ಕೊಡ್ಸಿದ್ರು. ಮೆತ್ತುಗೆ ಬುಡದಲ್ಲಿ ಮೀಟುದ್ರೆ ಆಯ್ತು, ಅವ್ರಿಗೇನೂ ನೋಯಾಕಿಲ್ಲ. ಮುಂದಿನ ಮಳೆಗೆ ತಿರ್ಗಾ ಚಿಗುರ್ಕತಾರೆ."

ಕುರ್ಚಿಯ ಮೇಲಿನ ಕಂಬಳಿ ಅಲುಗಾಡತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಪೇಪರ್ ಜಾರಿ ಬಿತ್ತು. ಮಾವನವರ ಮುಖ ಕೆಂಪಾಗಿತ್ತು, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಫಿಟ್ಸ್ ಬಂತೆಂದು ನಾನು ಕಿರುಚಿಕೊಂಡೆ. ಅವರು ಕೈಯೆತ್ತಿ ತಡೆದು, ಹೊಟ್ಟೆ ಹಿಡಿದುಕೊಂಡು, ಹಲಸಿನ ಬುಡದ ಕಡೆ ಬೆರಳು ತೋರಿಸಿದರು.

"ಅವರು... ಅವರು ಹಿತ್ತಲವರು ತಾಯಿ. ಅದು. ನಾನಲ್ಲ."

ಜಟಕಾದವನಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ಬಸ್ಸಿನ ಕಿಟಕಿಯಿಂದ ಬಂದ ಮಾತುಗಳು ಒಂದೊಂದಾಗಿ ತಲೆಯಲ್ಲಿ ಮಗುಚಿ ಬಿದ್ದವು. ನೀರು ಕೊಡಬೇಡ ಎಂದವರಿಗೆ ದಿನಕ್ಕೆ ಎಂಟು ಕೊಡದ ತನಕ ಕೊಟ್ಟಿದ್ದೆ. ಕೊಡಬೇಕಾದವರಿಗೆ ಒಂದು ಚೊಂಬೂ ಕೊಟ್ಟಿರಲಿಲ್ಲ. ನಾಚಿಕೆಯಿಂದ ಬಾವಿಗೇ ಹಾರೋಣವೆನ್ನಿಸಿತು, ಆದರೆ ಅದರಲ್ಲಿದ್ದ ನೀರನ್ನು ನಾನೇ ಬಹುಪಾಲು ಖಾಲಿ ಮಾಡಿದ್ದೆ. ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದೆ.

"ಅಳಬೇಡ, ಮೊದಲು ಒಂದು ಚೊಂಬು ನೀರು ತಾ" ಎಂದರು ಮಾವ. ಅವರು ಬಾಯಿಬಿಟ್ಟು ನೀರು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಚೊಂಬನ್ನು ಎತ್ತಿ ಗಟಗಟನೆ ಕುಡಿದರು, ಇನ್ನೊಂದು ತರಿಸಿ ಅದನ್ನೂ ಕುಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಕಳೆ ತೆಗೆಯುವ ಕುರುಪಿ ಹಿಡಿದು ಹಲಸಿನ ಬುಡಕ್ಕೆ ಹೋದರು.

ಅಲ್ಲಿಗೆ ನಗು ಮುಗಿಯಿತು. ಕುರುಪಿ ಹಾಕಿದಲ್ಲೆಲ್ಲ ಕೊಳೆತ ವಾಸನೆ ಬಂತು. ಕೈಗೆ ಸಿಕ್ಕಿದ್ದು ಗೆಡ್ಡೆಗಳಲ್ಲ, ಗೊಜ್ಜು. ಈ ತುದಿಯಿಂದ ಆ ತುದಿಯವರೆಗೆ ಮೂವರೂ ಕೆಸರಿನಲ್ಲಿ ಕೈಯಾಡಿಸಿದೆವು. ಹಲಸಿನ ಒಂದು ದಪ್ಪ ಬೇರಿನ ಮೇಲೆ, ನೀರು ನಿಲ್ಲದ ಸಂದಿನಲ್ಲಿ, ಹೆಬ್ಬೆಟ್ಟು ಗಾತ್ರದ ಒಂದೇ ಒಂದು ಗಟ್ಟಿ ಗೆಡ್ಡೆ ಸಿಕ್ಕಿತು. ಜಟಕಾದವನಿಗೆ ಬೇಕಾಗಿದ್ದದ್ದೂ ಅಷ್ಟೇ ಗಾತ್ರ. ಮಾವನವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಅವನ ಮುಖ ನೋಡಿದರು. ಕೇಳಿ ಬಂದವನನ್ನು ಬರಿಗೈಯಲ್ಲಿ ಕಳಿಸಿದ ಮನೆಯಲ್ಲ ಅದು.

"ಬ್ಯಾಡಿ ಸಾ" ಎಂದ ಅವನು. "ನಮ್ ಕುದ್ರೆಗೆ ಅರಿಸ್ನ ಸುಣ್ಣ ಆಕ್ತೀನಿ, ನಾಕ್ ದಿನ ತಡವಾಗಿ ವಾಸಿ ಆಯ್ತದೆ. ಇದು ಅಮ್ಮೋರ ತವ್ರು."

ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅವನ ಕುದುರೆ ಎಂಟು ದಿನ ಗಾಡಿಗೆ ಹೂಡಲಾಗದೆ ನಿಂತಿತ್ತು. ಅವನ ಋಣ ಎಂದು ನಾನು ನೆನೆಸಿಕೊಳ್ಳುವುದು ಅದನ್ನು.

ಮಾವನವರು ಗೆಡ್ಡೆಯನ್ನು ಒಣಮಣ್ಣಿನಲ್ಲಿ ಊರಿ, ಮೇಲೆ ದಪ್ಪಗೆ ತರಗು ಹಾಕಿದರು. ಅದು ಬದುಕಿದೆಯೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಬದುಕಿದ್ದರೂ ಸತ್ತಿದ್ದರೂ ಮೇಲಿನಿಂದ ಕಾಣುವುದು ಬರೀ ಮಣ್ಣು. ಯುಗಾದಿಗೆ ಹೂವು ಬಂದರೆ ಉಂಟು, ಇಲ್ಲದಿದ್ದರೆ ಅತ್ತೆಯ ತಾಯಿ ಕಟ್ಟಿಕೊಟ್ಟದ್ದನ್ನು ನಾನು ಏಳೆಂಟು ವಾರದಲ್ಲಿ ಮುಗಿಸಿದ ಹಾಗೆ. ನನಗೆ ಅನ್ನ ಸೇರಲಿಲ್ಲ. ದಿನಾ ಕೋಲು ಹಿಡಿದು, ಈ ಸಲ ಸರಿಯಾದ ಕಡೆ, ಕಾವಲು ಕೂತೆ. ಮಾವನವರು ಕಂಬಳಿಯಿಲ್ಲದೆ ಹಾಯಾಗಿ ಮಲಗಿ, ಮೂರು ಗಂಟೆಗೆ ನಾನು ಕರೆಯುವ ಮೊದಲೇ ಕಣ್ಣು ಬಿಟ್ಟು, "ನೀರು ನನಗೆ ಕೊಡು, ಅದಕ್ಕೆ ಬೇಡ" ಎಂದು ಜ್ಞಾಪಿಸುತ್ತಿದ್ದರು.

"ನಿಮ್ಮತ್ತೆ ಬಂದಾಗ ಏನೂ ಹೇಳಬೇಡ. ನಾನೇ ನೀರು ಹಾಕಿದೆ ಅಂತೀನಿ" ಎಂದೂ ಅಂದರು. ಸುಳ್ಳು ಹೇಳಿದ ಹುಡುಗರಿಗೆ ಕಿವಿ ಹಿಂಡಿ ಹಿಂಡಿ ಹೆಸರಾದವರು ಅವರು.

ಯುಗಾದಿಗೆ ಐದು ದಿನವಿರುವಾಗ ಅತ್ತೆ ಬಂದಿಳಿದರು. ಮೊಮ್ಮಗನ ಸುದ್ದಿ ಹೇಳುತ್ತಲೇ ನೇರ ಹಿತ್ತಲಿಗೆ ನಡೆದರು. ಹಲಸಿನ ಬುಡವನ್ನು ನೋಡಿ ಮಾತು ನಿಲ್ಲಿಸಿದರು.

"ಯಾರು ಇದ ಅಗೆದೋರು?"

"ನಾನು" ಎಂದರು ಮಾವ. "ಒಣಗಿತ್ತಲ್ಲ ಅಂತ ನಾನೇ ಬಾವಿಯಿಂದ ನೀರು ಸೇದಿ ಹಾಕಿದೆ. ಕೊಳೆತುಹೋಯಿತು."

ಅತ್ತೆ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನೀವು? ನೀರು ಸೇದುದ್ರಾ? ಎಲ್ಲಿ, ರಾಟೆಗೆ ಅಗ್ಗ ಯಂಗೆ ಆಕ್ತಾರೆ ಯೇಳಿ ನೋಡಾನ."

ಮಾವನವರು ರಾಟೆಯ ಕಡೆ ನೋಡಿದರು. ಹಗ್ಗದ ಕಡೆ ನೋಡಿದರು. ಮೇಷ್ಟರ ಪ್ರಶ್ನೆಗೆ ಉತ್ತರ ಬರದ ಹುಡುಗನ ಹಾಗೆ ತಲೆ ತಗ್ಗಿಸಿದರು. ನನ್ನಿಂದ ಅದನ್ನು ನೋಡಲಾಗಲಿಲ್ಲ. ಬಸ್ ಸ್ಟ್ಯಾಂಡಿನಿಂದ ಶುರುಮಾಡಿ ಕಂಬಳಿ, ಕೋಲು, ಕೋಳಿ, ಕೊಡ, ಕುದುರೆ ಎಲ್ಲವನ್ನೂ ಅಳುತ್ತಲೇ ಒದರಿಬಿಟ್ಟೆ. ಆ ಗಲಾಟೆಯಲ್ಲಿ ಮಾವನವರು ಮೆಲ್ಲಗೆ ಒಳಗೆ ಜಾರಿಕೊಂಡರು.

ಅತ್ತೆ ಬಾವಿಕಟ್ಟೆಯ ಮೇಲೆ ಕೂತು ಕೇಳಿದರು.

"ಕಂಬ್ಳಿ ಒದಿಸ್ದಾ? ಅವ್ರಿಗೆ?" ಎಂದರು.

"ಊ."

"ಕೋಳಿ ಓಡಿಸ್ಕಂಡು ಕುಂತಿದ್ದಾ?"

"ಊ ಅತ್ತೆಮ್ಮ."

ಅತ್ತೆಯ ಭುಜ ಕುಣಿಯಿತು. ನಕ್ಕರು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತ ನಗುತ್ತ ಅದು ಅಳುವಾಯಿತು. ಅವರು ಅತ್ತದ್ದು ನನ್ನ ಮೇಲಿನ ಸಿಟ್ಟಿಗಲ್ಲ, ಅವರ ಅವ್ವನಿಗೆ ಎಂದು ನನಗೆ ಗೊತ್ತಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಮೂಗು ಒರೆಸಿಕೊಂಡು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಮ್ಮವ್ವ ಸೆರಗ್ಗೆ ಕಟ್ಟುವಾಗ ಎಸ್ರು ಯೇಳೇ ಕಟ್ಟಿದ್ಲು ಕಣವ್ವ. ಗೆಡ್ಡೆ ಮಡೀಕಂಡೆ, ಎಸ್ರು ಬುಟ್ಬುಟ್ಟೆ. ಎಸ್ರು ಗೊತ್ತಿಲ್ದೋಳ್ ಕೈಗೆ ಕೊಟ್ಟು ಜ್ವಾಪಾನ ಅಂದ್ರೆ ಅವಳೇನು ಮಾಡಾಳು? ತಪ್ಪು ನಂದೇಯ."

ಹಲಸಿನ ಬುಡದ ತರಗಿನ ಕಡೆ ತಿರುಗಿದರು. ಒಂದು ಸಲ ಗಂಟಲು ಸರಿಮಾಡಿಕೊಂಡರು. ಹೊಳೆಗೆ ಇಳಿಯುವ ಮೊದಲು ನೀರು ಮುಟ್ಟಿ ನೋಡುವವರ ಹಾಗೆ ತುಟಿ ಆಡಿಸಿದರು.

"ಕೇಳಿಸ್ಕೊ. ನೆಲಸಂಪ್ಗೆ. ಇದ್ರೆಸ್ರು ನೆಲಸಂಪ್ಗೆ."

ಒಳಗೆ ಏನೋ ದಡಾರನೆ ಬಿದ್ದ ಸದ್ದಾಯಿತು. ಹಿತ್ತಲ ಬಾಗಿಲಲ್ಲಿ ಮಾವನವರು ಕಾಣಿಸಿಕೊಂಡರು. ಕನ್ನಡಕ ಒಂದು ಕಿವಿಯಲ್ಲಿ ಮಾತ್ರ ನಿಂತಿತ್ತು.

"ಕರೆದೆಯಾ?" ಎಂದರು.

"ಇಲ್ಲ" ಎಂದರು ಅತ್ತೆ, ಮುಖ ಆ ಕಡೆ ತಿರುಗಿಸಿ. "ಗಿಡಾನ ಅಂದೆ."

"ಹೌದೇ. ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಅನ್ನು, ಯಾವುದನ್ನು ಅಂದೆ ಅಂತ ನೋಡೋಣ."

ಐವತ್ತು ದಾಟಿದ ಹೆಂಗಸಿನ ಕಿವಿ ಕೆಂಪಾದದ್ದನ್ನು ನಾನು ಅವತ್ತು ನೋಡಿದೆ. ಕಾಫಿಗೆ ಹೊತ್ತಾಯಿತೆಂದು ಸೆರಗು ಕೊಡವಿ ಒಳಗೆ ಹೋದರು. ಮಾವನವರು ಬಾಗಿಲಿನಲ್ಲಿ ಸ್ವಲ್ಪವೂ ಸರಿಯದೆ ನಿಂತಿದ್ದರಿಂದ ಅವರು ಪಕ್ಕಕ್ಕೆ ತಿರುಗಿ ಒಳಗೆ ನುಸುಳಬೇಕಾಯಿತು.

ಯುಗಾದಿಗೆ ಹೂವು ಬರಲಿಲ್ಲ. ಬೇವು ಬೆಲ್ಲದಲ್ಲಿ ನನಗೆ ಬೇವೇ ಹತ್ತಿತು. ಅದಾಗಿ ಎಂಟು ದಿನಕ್ಕೆ ಸಂಜೆ ಒಂದು ಜೋರು ಮಳೆ ಬಿತ್ತು, ಮೂರನೆಯ ದಿನ ಬೆಳಿಗ್ಗೆ ಕಸ ಗುಡಿಸಲು ಹೋದ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಂಡರು. "ನೆಲಸಂಪ್ಗೆ ಎದ್ದೈತೆ ಬಾರವ್ವೋ! ನೆಲಸಂಪ್ಗೆ!" ನಾನು ಒಲೆಯ ಮುಂದಿನಿಂದ ಓಡಿದೆ. ನನಗಿಂತ ಮೊದಲು ಅರ್ಧ ಮುಖಕ್ಕೆ ಸೋಪಿನ ನೊರೆ, ಕೈಯಲ್ಲಿ ರೇಜರ್ ಹಿಡಿದ ಮಾವನವರು "ಓ" ಎನ್ನುತ್ತ ಹಿತ್ತಲಿಗೆ ತಲುಪಿದ್ದರು. ತರಗಿನ ನಡುವೆ ಒಂದೇ ಒಂದು ಹೂವು ಮಣ್ಣಿಗೆ ಅಂಟಿಕೊಂಡು ಅರಳಿತ್ತು. ನಾನು ಅದನ್ನು ಮೊದಲ ಸಲ ನೋಡಿದೆ. ಅತ್ತೆ ಅದನ್ನು ಕೀಳಲಿಲ್ಲ, ಯಾರಿಗೂ ಕೀಳಲು ಬಿಡಲಿಲ್ಲ.

ಅಲ್ಲಿಂದ ಮುಂದೆ ಅತ್ತೆಗೆ ಆ ಗಿಡದ ಮೇಲೆ ಇದ್ದಕ್ಕಿದ್ದಂತೆ ಬಹಳ ಮಾತು ಬಂತು. ನೆಲಸಂಪಿಗೆಗೆ ಎಲೆ ಬಂತು, ನೆಲಸಂಪಿಗೆಗೆ ಬಿಸಿಲು ಹೆಚ್ಚಾಯಿತು, ನೆಲಸಂಪಿಗೆ ಯಾಕೋ ಇವತ್ತು ಸಪ್ಪಗಿದೆ ಎಂದು ಅಡುಗೆಮನೆಯಿಂದಲೇ ಗಟ್ಟಿಯಾಗಿ ಹೇಳುವುದು. ಎಲ್ಲಿದ್ದರೂ ಮಾವನವರು "ಓ" ಎನ್ನುವುದು. "ನಿಮ್ಮನ್ನಲ್ಲ" ಎಂದು ಅತ್ತೆ ರೇಗುವುದು. ದಿನಕ್ಕೆ ನಾಲ್ಕೈದು ಸಲವಾದರೂ ಇದು ನಡೆಯುತ್ತಿತ್ತು. ಒಂದು ಗೆಡ್ಡೆ ಹತ್ತಾಗಿ, ಜಟಕಾದವನ ಕುದುರೆಗೆ ಮೊದಲ ಪಾಲು ಹೋಯಿತು.

ಕೆಲವು ವರ್ಷಗಳಾದ ಮೇಲೆ ಓಟಿನ ಪಟ್ಟಿಯವನು ಮತ್ತೆ ಬಂದ. ಹೊಸಬ. ಜಗಲಿಯ ಮೇಲೆ ಕೂತು ಯಜಮಾನರ ಹೆಸರು ಕೇಳಿದ. ಪಕ್ಕದ ಮನೆಯಾಕೆ ಅಭ್ಯಾಸಬಲದಿಂದ ಆಗಲೇ ಬಾಗಿಲಿಗೆ ಬಂದು ನಿಂತಿದ್ದಳು. ಅತ್ತೆ ಅವಳಿಗೆ ಕೈ ಅಡ್ಡ ಹಿಡಿದರು.

"ಮುಂದ್ಲರ್ಧ ನಾನೇ ಯೇಳ್ತೀನಿ, ಬರ್ಕಪ್ಪ" ಎಂದರು. "ಸಂಪ್ಗೆ. ಮಿಕ್ಕಿದ್ದ ಇವ್ಳು ಯೇಳ್ತಾಳೆ."

ಒಳಗಿನ ಕೋಣೆಯಿಂದ ಪೇಪರ್ ಮಡಿಸಿದ ಸದ್ದಾಯಿತು.

"ಓ" ಎಂದರು ಮಾವ.